ಎತ್ತುವ ದಿನ

ನಮ್ಮೂರಿನಲ್ಲಿ ತಕ್ಕಡಿಗೆ ಹಾಕಿದರೆ ಪುಸ್ತಕ ಪುಸ್ತಕದಷ್ಟೇ ತೂಗುತ್ತದೆ. ಕೈಗೆ ತೆಗೆದುಕೊಂಡಾಗ ಮಾತ್ರ ಹಾಗಲ್ಲ. ಒಳಗಿನ ಕಥೆಯಷ್ಟು ಇನ್ನೂ ಬೆಳೆಯದ ಮಗು ಎತ್ತಲು ಹೋದರೆ ಪುಸ್ತಕ ಮೇಜು ಬಿಟ್ಟು ಕದಲುವುದಿಲ್ಲ. ಅದೇ ಮಗುವಿನ ಅಕ್ಕ ಬಂದು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗಿಬಿಡುತ್ತಾಳೆ. ಪರಊರಿನ ನೆಂಟರು ಇದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಅವರಿಗೆ ಕಾಫಿ ಕೊಟ್ಟು ಕೂರಿಸುತ್ತೇವೆ, ಅಷ್ಟೆ.

ನಾನು ಅಂಬುಜಾಕ್ಷಿ. ಊರಿನ ಮಕ್ಕಳ ಪುಸ್ತಕಾಲಯದಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕಗಳಿಗೆ ವಯಸ್ಸಿನ ಮುದ್ರೆ ಒತ್ತುವವಳು. ಮಕ್ಕಳು ಎದುರಿಗೇ ‘ಮುದ್ರೆ ಅಜ್ಜಿ’ ಅನ್ನುತ್ತವೆ, ದೊಡ್ಡವರು ಬೆನ್ನ ಹಿಂದೆ. ನನ್ನ ಬಾಯಿ ಜೋರು ಎಂಬ ದೂರು ಮೊದಲಿನಿಂದಲೂ ಇದೆ. ಗಲಾಟೆ ಮಕ್ಕಳ ನಡುವೆ ಮೂವತ್ತೊಂದು ವರ್ಷ ಕೂತವಳಿಗೆ ಕೋಗಿಲೆ ಕಂಠ ಎಲ್ಲಿಂದ ಬರಬೇಕು?

ಬೇಸಿಗೆ ರಜೆಗೆ ಮುಂಚೆ ನಮ್ಮಲ್ಲಿ ಎತ್ತುವ ದಿನ ನಡೆಯುತ್ತದೆ. ಶಾಲೆಯ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ ಆ ವರ್ಷದ ಹೊಸ ಪುಸ್ತಕಗಳನ್ನು ಜೋಡಿಸುತ್ತೇವೆ. ಎರಡು ವರ್ಷದ ಕೂಸಿನಿಂದ ಹದಿನೈದು ವರ್ಷದವರ ತನಕ ಮಕ್ಕಳು ವಯಸ್ಸಿನ ಪ್ರಕಾರ ಸಾಲು ನಿಲ್ಲುತ್ತವೆ. ಒಂದೊಂದು ಪುಸ್ತಕಕ್ಕೂ ಚಿಕ್ಕವರಿಂದ ಶುರು. ಯಾವ ಮಗು ಮೊದಲು ಅದನ್ನು ಎದೆಯ ಮಟ್ಟಕ್ಕೆ ಎತ್ತುತ್ತದೋ ಆ ಮಗುವಿನ ವಯಸ್ಸೇ ಪುಸ್ತಕದ ವಯಸ್ಸು. ನಾನು ಹಿಂಬದಿಯ ರಟ್ಟಿನ ಮೇಲೆ ಮುದ್ರೆ ಒತ್ತುತ್ತೇನೆ. ಎತ್ತಿದ ಮಗು ಪುಸ್ತಕವನ್ನು ಒಂದು ತಿಂಗಳು ಮನೆಗೆ ಒಯ್ಯಬಹುದು. ನಾನು ಮೊದಲೇ ಹಾಕಿದ ಅಂದಾಜಿನಲ್ಲಿ ತನ್ನ ವಯಸ್ಸಿಗೆ ಮೀರಿದ್ದನ್ನು ಎತ್ತಿತೆಂದರೆ ಅದರ ಹೆಸರನ್ನು ಪುಸ್ತಕಾಲಯದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಆ ಗೋಡೆಯ ಮೇಲೆ ತಮ್ಮ ಮಕ್ಕಳ ಹೆಸರು ಕಾಣಬೇಕೆಂದು ನಮ್ಮೂರಿನ ತಂದೆತಾಯಿಯರು ಪಡುವ ಪಾಡು ದೇವರಿಗೇ ಪ್ರೀತಿ. ವರ್ಷವೆಲ್ಲ ತುಪ್ಪ, ಬಾದಾಮಿ, ಬೆಳಗಾದರೆ ದಂಡ, ಬಸ್ಕಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮಲ್ಲಿ ಹೆಗ್ಗಣಕ್ಕೆ ಗೋಡೆಯೂ ಬೇಕು.

ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ತರುವ ಗುರುಸಿದ್ದಪ್ಪನಿಗೂ ನನಗೂ ಇದೇ ವಿಷಯಕ್ಕೆ ಜಗಳ.

“ಈ ಮುದ್ರೆ ಎಲ್ಲ ಯಾಕ್ ಬೇಕು ಅಂಬುಜಮ್ಮೋರೆ? ಭಾರ ಆದ್ರೆ ಮಗೂನೇ ಕೆಳಗಿಡುತ್ತೆ. ನಾವ್ಯಾರು ಹೇಳೋಕೆ?” ಎನ್ನುತ್ತಿದ್ದ.

“ಇಡೋಕೆ ಮುಂಚೆ ಬೆರಳು ಸಿಕ್ಕಾಕ್ಕೊಂಡ್ರೆ ನೀನು ಬಂದು ಬಿಡಿಸ್ತೀಯಾ? ಸುಮ್ನೆ ಗಾಡಿ ತಳ್ಳು” ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಅವನ ಹೆಂಡತಿ ತೀರಿಕೊಂಡ ವರ್ಷ ಒಂದು ಸಂಗತಿ ನಡೆಯಿತು. ಗಂಡಹೆಂಡತಿ ಒಂದು ಹಲಸಿನ ಹಣ್ಣಿಗಾಗಿ ಕಿತ್ತಾಡುವ ತಮಾಷೆಯ ಪುಸ್ತಕವೊಂದು ನಮ್ಮಲ್ಲಿದೆ. ಎಂಟು ವರ್ಷದವರ ಮುದ್ರೆ. ಅದನ್ನು ನೂರು ಸಲ ಎತ್ತಿಟ್ಟಿದ್ದ ಗುರುಸಿದ್ದಪ್ಪ ಒಂದು ದಿನ ಅದರ ಮುಂದೆ ಬೆವರುತ್ತ ನಿಂತುಬಿಟ್ಟ. ಅವನ ಕೈಗೆ ಅದು ಏಳಲೇ ಇಲ್ಲ. “ವಯಸ್ಸಾಯ್ತು ನಿಂಗೆ” ಎಂದು ನಾನು ನಕ್ಕು ಪುಸ್ತಕವನ್ನು ಅವನ ಮುಂದಿನಿಂದ ತೆಗೆದೆ. ಆಗ ನಗಬಾರದಿತ್ತು, ಸ್ವಲ್ಪ ಯೋಚನೆ ಮಾಡಬೇಕಿತ್ತು.

ಹೋದ ವರ್ಷದ ಎತ್ತುವ ದಿನಕ್ಕೆ ವನಜ ಒಬ್ಬಳೇ ಬಂದಳು. ಐದು ವರ್ಷದ ಹುಡುಗಿ. ತಾನೇ ಹಾಕಿಕೊಂಡ ಜಡೆ ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ಫ್ರಾಕಿನ ಗುಂಡಿಗಳು ಒಂದು ತೂತು ಹೆಚ್ಚುಕಡಿಮೆ. ಅವಳ ತಾಯಿ ವಿಶಾಲಾಕ್ಷಿ ನಮ್ಮ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು. ಅದಕ್ಕೆ ಏಳು ತಿಂಗಳ ಮುಂಚೆ ಅವಳ ಒಂದೂವರೆ ವರ್ಷದ ಗಂಡುಕೂಸು ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿತ್ತು. ಅಂದಿನಿಂದ ಅವಳು ಕೆಲಸಕ್ಕೆ ಬಂದಿರಲಿಲ್ಲ. ಗಂಡ ದೂರದ ಗಣಿಯಲ್ಲಿದ್ದ. ನಾನು ಒಮ್ಮೆ ಹೋಗಿ ಮಾತಾಡಿಸಿ, ಬಾಳೆಹಣ್ಣು ಇಟ್ಟು ಬಂದಿದ್ದೆ. ಆಮೇಲೆ ಬೇರೆಯವರ ಕೈಲಿ ರಟ್ಟು ಕಟ್ಟಿಸಿದೆ. ಬರುವಾಗ ಬರುತ್ತಾಳೆ ಅಂದುಕೊಂಡೆ.

ಆ ದಿನ ಎಂಟು ವರ್ಷಕ್ಕೆಂದು ನಾನು ಅಂದಾಜು ಮಾಡಿದ್ದ ಪುಸ್ತಕವನ್ನು ವನಜ ಮುಂದೆ ಬಂದು ಎತ್ತಿದಳು. ಜನ ‘ಭೇಷ್’ ಎಂದರು. ಹತ್ತರದ್ದನ್ನು ಎತ್ತಿದಳು. ಹನ್ನೆರಡರದ್ದನ್ನು ಎತ್ತಿದಳು. ಹೀಗೆ ಹತ್ತು ಪುಸ್ತಕ ಆದ ಮೇಲೆ ಮೇಜಿನ ತುದಿಯಲ್ಲಿ ಕಪ್ಪು ರಟ್ಟಿನ ಒಂದು ಪುಸ್ತಕ ಉಳಿಯಿತು. ಕೆರೆಗೆ ಇಳಿದು ಹಿಂತಿರುಗದ ಒಬ್ಬಳ ಕಥೆ. ಇದನ್ನು ಮಕ್ಕಳ ಪುಸ್ತಕವೆಂದು ಯಾಕೆ ಕಳಿಸಿದರೋ ಎಂದು ನಾನೇ ಗೊಣಗಿದ್ದೆ, ಮೇಜಿನ ಮೇಲಿಡುವಾಗ ನನಗೂ ಎರಡು ಕೈ ಬೇಕಾಗಿತ್ತು. ವನಜ ಅದನ್ನು ಒಂದೇ ಕೈಯಲ್ಲಿ ಎತ್ತಿ, ಉಳಿದ ಹತ್ತರ ಮೇಲಿಟ್ಟು, ಸೌದೆ ಹೊರೆಯ ಹಾಗೆ ಅಪ್ಪಿಕೊಂಡು ನಿಂತಳು.  ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಮರದ ಮೇಲಿನ ಕಾಗೆಗಳೆಲ್ಲ ಎದ್ದವು.

ಪಾಲಕರ ಸಂಘದ ಅಧ್ಯಕ್ಷ ಚನ್ನವೀರಯ್ಯ ತನ್ನ ಮಗಳಿಗೆಂದು ತಂದಿದ್ದ ಹಾರವನ್ನು ಇವಳ ಕೊರಳಿಗೆ ಹಾಕಿದ. ಅವನ ಮಗಳು ಸುಗುಣ, ಆಗ ಆರು ವರ್ಷ, ತನ್ನ ಪಾಲಿನ ಏಳರ ಪುಸ್ತಕವನ್ನೂ ಕದಲಿಸಲಾರದೆ ಕಿಲಕಿಲ ನಗುತ್ತ ಅದರ ಮೇಲೇ ಕೂತುಬಿಟ್ಟಿದ್ದಳು. ಅಪ್ಪನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನನಗೂ ಒಳಗೊಳಗೆ ಖುಷಿಯಾಗಿತ್ತು ಅನ್ನಿ.

ಎಲ್ಲ ಮುಗಿದ ಮೇಲೆ ವನಜ ನನ್ನ ಸೆರಗು ಎಳೆದಳು. ಮೇಜಿನ ಇನ್ನೊಂದು ತುದಿಗೆ ಬೆರಳು ತೋರಿಸಿ, “ಅಜ್ಜೀ, ಅದು” ಎಂದಳು. ಎರಡು ವರ್ಷದವರ ಪುಸ್ತಕ. ಎಂಟೇ ಪುಟ. ತಾಯಿ ಕೂಸಿಗೆ ಅನ್ನ ಕಲಸಿ ತಿನ್ನಿಸುವುದು, ಬೆಕ್ಕು ಪಕ್ಕದಲ್ಲಿ ಕಾಯುವುದು, ಕೊನೆಗೆ ಸೆರಗಿನಿಂದ ಬಾಯಿ ಒರೆಸುವುದು. ಬೆಳಿಗ್ಗೆ ಒಂದು ಕೂಸು ಅದನ್ನೆತ್ತಿ ಜೊಲ್ಲು ಸುರಿಸಿತ್ತು, ಇನ್ನೂ ಒದ್ದೆಯಾಗಿತ್ತು. ವನಜ ಹಾರ ಹಾಕಿಕೊಂಡೇ ಅದರ ಅಡಿಗೆ ಎರಡೂ ಕೈ ಕೊಡಲು ನೋಡಿದಳು. ಅದು ಏಳಲಿಲ್ಲ. ಮಂಡಿಯೂರಿ ತಳ್ಳಿದಳು. ಏಳಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಾಟಕ ಸಾಕಮ್ಮ, ಮನೆಗೆ ಹೋಗು” ಎಂದೆ.

“ಅದೇ ಬೇಕು. ಯಾರಾದ್ರೂ ಮನೆ ತನಕ ಎತ್ಕೊಂಡ್ ಬಂದ್ಕೊಡಿ ಅಜ್ಜೀ.”

“ಎತ್ತಕ್ಕಾಗದೆ ಇರೋದನ್ನ ಮನೆಗೆ ಕೊಡೋ ಹಂಗಿಲ್ಲ. ರೂಲು ರೂಲೇ.”

ಅವಳು ಅಳಲಿಲ್ಲ. ಹನ್ನೊಂದು ಪುಸ್ತಕ ಅಪ್ಪಿಕೊಂಡು ಹೋದಳು. ಹಾರ ಮೇಜಿನ ಮೇಲೆ ಉಳಿಯಿತು. ರೂಲು ಎಂದಿದ್ದೆನಲ್ಲ, ರೂಲಿನ ಪ್ರಕಾರವೇ ನಾನು ಆ ಹನ್ನೊಂದು ಪುಸ್ತಕಗಳ ಉಳಿದ ಪ್ರತಿಗಳಿಗೆಲ್ಲ ಐದರ ಮುದ್ರೆ ಒತ್ತಿದೆ. ಕೈ ತಡೆಯಿತು, ಆದರೂ ಒತ್ತಿದೆ. ಮಗು ಎತ್ತಿದರೆ ನಾವು ಪುಸ್ತಕವನ್ನು ನೋಡುತ್ತಿದ್ದೆವು. ಮಗುವನ್ನು ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಹನ್ನೆರಡು ದಿನಕ್ಕೆ ಆಗಬಾರದ್ದು ಆಯಿತು. ಹತ್ತಿ ಅಂಗಡಿಯವರ ಮನೆಯ ಐದು ವರ್ಷದ ಕುಮುದ, ಐದರ ಮುದ್ರೆ ಇದೆಯಲ್ಲ ಎಂದು ಕಪ್ಪು ರಟ್ಟಿನ ಪುಸ್ತಕದ ಒಂದು ಪ್ರತಿಯನ್ನು ಕೇಳಿದ್ದಾಳೆ. ಮುದ್ರೆ ಇದ್ದ ಮೇಲೆ ಎತ್ತಿಸಿ ನೋಡುವವರು ಯಾರು? ಅವಳಮ್ಮ ಅದನ್ನು ಒಯ್ದು ಮಗಳ ಅಂಗೈ ಮೇಲೆ ಇಟ್ಟಿದ್ದಾಳೆ. ಕಿರುಚಾಟ ಬೀದಿಯ ತುದಿಗೆ ಕೇಳಿತು. ನಾನು ಓಡಿ ಹೋಗುವಷ್ಟರಲ್ಲಿ ತಾಯಿ ಎರಡೂ ಕೈಯಲ್ಲಿ ಪುಸ್ತಕ ಎತ್ತಿ ಹಿಡಿದು ನಿಂತಿದ್ದಳು. ನೆಲದ ಮೇಲೆ ಮಗುವಿನ ಪುಟ್ಟ ಅಂಗೈ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೈ ಉಳಿಯಿತು, ಪುಣ್ಯ. ಸಂಘದವರು ನನ್ನನ್ನು ಕರೆಸಿ, ಆ ಹನ್ನೊಂದನ್ನೂ ವಾಪಸು ತಂದು ಮುದ್ರೆ ಅಳಿಸಬೇಕೆಂದು ಹೇಳಿದರು. ಅಪ್ಪಣೆ ಸರಿಯಾಗಿಯೇ ಇತ್ತು. ಆ ಮಧ್ಯಾಹ್ನವೇ ಗುರುಸಿದ್ದಪ್ಪನ ಕೈಲಿ ಗಾಡಿ ತಳ್ಳಿಸಿಕೊಂಡು ವನಜಳ ಮನೆಗೆ ಹೋದೆ. ದಾರಿಯುದ್ದಕ್ಕೂ ಆ ಹುಡುಗಿಯನ್ನು ಬೈಯುತ್ತಲೇ ಇದ್ದೆ.

ಎಣ್ಣೆ ಗಾಣದ ಹಿಂದೆ ಒಂದೇ ಕೋಣೆಯ ಮನೆ. ಬಾಗಿಲು ಒಳಗಿನಿಂದ ಹಗ್ಗದಿಂದ ಕಟ್ಟಿತ್ತು. ವನಜ ಗಂಟು ಬಿಚ್ಚಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಇಣುಕಿದಳು. ಒಲೆಯ ಮುಂದೆ ಅವಳು ಹತ್ತಿ ನಿಲ್ಲುವ ಮಣೆ ಇತ್ತು. ಗೋಡೆಗೆ ಮುಖ ಮಾಡಿ ವಿಶಾಲಾಕ್ಷಿ ಚಾಪೆಯ ಮೇಲೆ ಮಲಗಿದ್ದಳು. ಅವಳ ಸೆರಗನ್ನು ನೆಲದ ಉದ್ದಕ್ಕೂ ಹರಡಿ, ಅದರ ಮೇಲೆ ಹನ್ನೊಂದು ಪುಸ್ತಕಗಳನ್ನು ಸಾಲಾಗಿ ಇಡಲಾಗಿತ್ತು. ತುದಿಯಲ್ಲಿ ಕಪ್ಪು ರಟ್ಟಿನದು. 

“ಏನೇ ಇದು?” ಎಂದೆ. ನನ್ನ ಜೋರು ಬಾಯಿ ಎಲ್ಲಿ ಹೋಯಿತೋ, ಪಿಸುಗುಟ್ಟಿದ್ದೆ.

“ತಗೊಂಡ್ ಹೋಗಿ ಅಜ್ಜೀ. ಯಾವ್ದೂ ಕೆಲಸಕ್ ಬರಲ್ಲ” ಎಂದಳು ವನಜ.

ಅಷ್ಟರಲ್ಲಿ ವಿಶಾಲಾಕ್ಷಿ ಎದ್ದಳು. ನಮ್ಮನ್ನು ನೋಡಲಿಲ್ಲ. ಸೆರಗನ್ನು ಸುಮ್ಮನೆ ಎಳೆದುಕೊಂಡಳು, ಹನ್ನೊಂದೂ ಪುಸ್ತಕಗಳು ಒಣಗಿದ ಎಲೆಗಳ ಹಾಗೆ ಸರ್ರನೆ ಪಕ್ಕಕ್ಕೆ ಜಾರಿದವು. ಬಿಂದಿಗೆಯಿಂದ ನೀರು ಕುಡಿದು, ಬಾಗಿಲ ಹಗ್ಗವನ್ನು ಒಂದು ಸಲ ನೋಡಿ, ಮತ್ತೆ ಮಲಗಿದಳು. ವನಜ ಸೌಟು ಕೆಳಗಿಟ್ಟು, ದಿನಾ ಮಾಡುವ ಕೆಲಸದಂತೆ ಸೆರಗು ಹರಡಿ ಪುಸ್ತಕಗಳನ್ನು ಒಂದೊಂದಾಗಿ ಇಡತೊಡಗಿದಳು.

“ಹಿಂಗೇ ಎಳ್ಕೋತಾಳೆ. ಅಮ್ಮಂಗೆ ಯಾವ್ದೂ ಭಾರ ಆಗ್ತಿಲ್ಲ.”

“ಭಾರ ಯಾಕಮ್ಮ ಬೇಕು?”

“ಕೆರೆಗೆ ಹೋಗ್ತಾಳೆ. ಎರಡು ಸಲ ಹೋದ್ಲು. ನಾನು ಕಾಲು ಹಿಡ್ಕೊಂಡೆ. ಮೂರ್ನೇ ಸಲ ನಂಗೆ ನಿದ್ದೆ ಬಂದ್ಬಿಟ್ರೆ?” ಎಂದಳು ಆ ಐದು ವರ್ಷದ ಹುಡುಗಿ. “ಆ ಸಣ್ಣ ಪುಸ್ತಕ ಇದ್ದಿದ್ರೆ ಆಗ್ತಿತ್ತು. ಅದು ನಂಗೇ ಏಳಲಿಲ್ಲ. ನೀವು ಕೊಡಲಿಲ್ಲ.”

ಗುರುಸಿದ್ದಪ್ಪ ಬಾಗಿಲಿಗೆ ಅಡ್ಡವಾಗಿ ಕೂತ. ನೊಂದವರಿಗೆ ದುಃಖದ ಕಥೆ ಹಗುರ, ಕಳೆದುಕೊಂಡದ್ದರ ಕಥೆಯೇ ಭಾರ ಎಂದು ಅವನಿಗೆ ಅರ್ಥವಾಗಿತ್ತು. ಹಲಸಿನ ಹಣ್ಣಿನ ಪುಸ್ತಕದ ಮುಂದೆ ಬೆವರಿದ್ದವನಲ್ಲವೇ ಅವನು. ನಾನು ಅವನನ್ನು ಅಲ್ಲೇ ಕಾವಲಿಗೆ ಕೂರಿಸಿ, ಈ ವಯಸ್ಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ಓಡಿದೆ. ನೋಡಿದವರು ನೋಡಲಿ. ಪುಸ್ತಕಾಲಯದಿಂದ ಆ ಎಂಟು ಪುಟದ ಪುಸ್ತಕವನ್ನು ತಂದೆ. ನನ್ನ ಕೈಗೆ ಅದು ಹಪ್ಪಳದಷ್ಟು ಹಗುರವಾಗಿತ್ತು. ನನಗೆ ನಾಚಿಕೆಯಾಯಿತು.

ಅದನ್ನು ವಿಶಾಲಾಕ್ಷಿಯ ಸೆರಗಿನ ತುದಿಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಸೆರಗು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬಟ್ಟೆ ಹರಿಯುವ ಸದ್ದಾಯಿತು, ಪುಸ್ತಕ ಕದಲಲಿಲ್ಲ. ಏನು ಅಡ್ಡವಾಯಿತೆಂದು ಅವಳು ತಿರುಗಿ ನೋಡಿದಳು. ಏಳು ತಿಂಗಳಲ್ಲಿ ಆ ಹೆಂಗಸು ಏನನ್ನಾದರೂ ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ. ಪುಸ್ತಕದ ಬೆನ್ನಿಗೆ ಹಾಕಿದ್ದ ದಾರ ಅವಳದೇ ಕೈಯದು. ಕೂಸು ಹೋಗುವ ಮುಂಚಿನ ವಾರ ಮಾದರಿಗೆಂದು ಹೊಲಿದದ್ದು.

ನಾನು ಪಕ್ಕದಲ್ಲಿ ಕೂತು ರಟ್ಟು ತೆರೆದು ಓದಿದೆ. ಓದುವುದಕ್ಕೆ ಏನಿದೆ ಅದರಲ್ಲಿ? ಬೆಕ್ಕಿಗೊಂದು ತುತ್ತು, ಕೂಸಿಗೊಂದು ತುತ್ತು. ಐದನೆಯ ಪುಟಕ್ಕೆ ಬರುವಾಗ ವಿಶಾಲಾಕ್ಷಿಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ಅಳು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ವನಜ ಒಲೆಯ ಹತ್ತಿರ ಹೋಗಿ ಗೋಡೆಗೆ ಒತ್ತಿಕೊಂಡು ನಿಂತಳು. ಸಂಜೆಯ ತನಕ ಆ ತಾಯಿ ಅತ್ತಳು. ಆಮೇಲೆ ವನಜಳ ಕಡೆ ನೋಡಿ, ಮೊದಲ ಮಾತಾಗಿ, “ಮಗು ಊಟ ಮಾಡ್ತಾ?” ಎಂದು ಕೇಳಿದಳು.

ಅಲ್ಲಿಂದ ಮುಂದಿನದು ದಿನಗೂಲಿಯ ಕೆಲಸದ ಹಾಗೆ ನಡೆಯಿತು. ಗಂಡನಿಗೆ ಹೇಳಿ ಕಳಿಸಿ ಕರೆಸಿದೆವು. ಗಾಣದ ಮನೆಯ ಹೆಂಗಸರು ಸರದಿ ಹಾಕಿಕೊಂಡು ಜೊತೆಗಿದ್ದರು. ನಾನು ದಿನಾ ಹೋಗಿ ಅದೇ ಎಂಟು ಪುಟ ಓದಿದೆ. ಮಳೆಗಾಲ ಮುಗಿಯುವಾಗ ವಿಶಾಲಾಕ್ಷಿ ಅದರ ಒಂದು ಮೂಲೆಯನ್ನು ಎತ್ತಿದಳು. ದೀಪಾವಳಿಯ ಹೊತ್ತಿಗೆ ರಟ್ಟು ಕಟ್ಟುವ ಕೋಣೆಗೆ ಬಂದು ಕೂತಳು. ವನಜಳ ಎರಡೂ ಜಡೆ ಒಂದೇ ಎತ್ತರಕ್ಕೆ ಬಂದವು. ಒಂದು ದಿನ ಅವಳು ಪುಸ್ತಕಾಲಯದಲ್ಲಿ ಗಲಾಟೆ ಮಾಡಿ ನನ್ನಿಂದ ಬೈಸಿಕೊಂಡಳು. ಬೈದು ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.

ನಾನು ಮಾಡಿದ ದೊಡ್ಡ ತಪ್ಪು ಇದರ ನಡುವೆಯೇ ಆಯಿತು. ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹಾರ ಹಾಕಿದ ಕೈಗಳಿಗೆ ನಾಚಿಕೆಯಾಗಲಿ ಎಂಬುದು ನನ್ನ ಉದ್ದೇಶ. “ಆ ಮಗು ಬುದ್ಧಿವಂತಿಕೆಯಿಂದ ಎತ್ತಲಿಲ್ಲ. ದುಃಖ ತಿಂದು ತಿಂದು ಅದಕ್ಕೆ ಎಲ್ಲ ಹಗುರ ಆಗಿತ್ತು. ನಾವು ಚಪ್ಪಾಳೆ ತಟ್ಟಿದ್ವಿ” ಎಂದೆ.  ಒಬ್ಬಿಬ್ಬರು ತಲೆ ತಗ್ಗಿಸಿದರು.

ಚನ್ನವೀರಯ್ಯ ಮಾತ್ರ ಬಹಳ ಮೆತ್ತಗೆ ಕೇಳಿದ. “ಎಷ್ಟು ದಿನ ಅಂದ್ರಿ ಮೇಡಂ, ಆ ಮಗು ಹಂಗೆ ಇದ್ದದ್ದು?”

“ಏಳು ತಿಂಗಳು.”

“ಏಳು ತಿಂಗಳೇ ಬೇಕಾಗುತ್ತಾ?”

ಮರುಗುತ್ತಿದ್ದಾನೆ ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ಮೂವರು ತಂದೆತಾಯಿಯರು ನನ್ನ ಉತ್ತರಕ್ಕೆ ಕತ್ತು ಮುಂದೆ ಚಾಚಿದ್ದರು. ಅದನ್ನೂ ನೋಡಿದೆ. ನೋಡಿಯೂ, ಊರಿಗೆ ಬುದ್ಧಿ ಬಂತು ಎಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಈ ವರ್ಷದ ಎತ್ತುವ ದಿನ ಮೊನ್ನೆ ನಡೆಯಿತು. ಮುದ್ರೆ ಅಳಿಸಿದ್ದ ಆ ಹನ್ನೊಂದು ಪುಸ್ತಕಗಳನ್ನು ಮತ್ತೆ ಮೇಜಿಗೆ ಹಾಕಿದ್ದೆವು. ನಾನು ಗಂಟಲು ಸರಿ ಮಾಡಿಕೊಂಡು, “ಗಲಾಟೆ ಮಾಡಬೇಡಿ” ಎಂದು ಕೂಗಲು ಬಾಯಿ ತೆರೆದೆ. ಕೂಗುವ ಅಗತ್ಯವಿರಲಿಲ್ಲ. ಸಾಲಿನಲ್ಲಿ ಗಲಾಟೆಯೇ ಇರಲಿಲ್ಲ. ಯಾರೂ ಯಾರ ಜಡೆಯನ್ನೂ ಎಳೆಯುತ್ತಿರಲಿಲ್ಲ. ಐದರವರು, ಆರರವರು, ಏಳರವರು ಕೈ ಕಟ್ಟಿಕೊಂಡು ಮೇಜನ್ನೇ ನೋಡುತ್ತ ನಿಂತಿದ್ದರು. ಅವರ ಹಿಂದೆ ತಂದೆತಾಯಿಯರು ಹಾರ ಹಿಡಿದು ನಗುತ್ತಿದ್ದರು. ಗುರುಸಿದ್ದಪ್ಪ ನನ್ನ ಕಡೆ ನೋಡಿದ. 

ಮೊದಲು ವನಜಳನ್ನೇ ಕರೆದರು, ಹೋದ ವರ್ಷ ಗೆದ್ದವಳಲ್ಲವೇ. ಅವಳು ಕಪ್ಪು ರಟ್ಟಿನ ಪುಸ್ತಕಕ್ಕೆ ಕೈ ಹಾಕಿದಳು. ಏಳಲಿಲ್ಲ. ಎರಡೂ ಕೈ ಹಾಕಿ, ನಾಲಿಗೆ ಹೊರಗೆ ಚಾಚಿ ಎಳೆದಳು. ಊಹೂಂ. ಎರಡು ವರ್ಷದವರ ಪುಸ್ತಕವನ್ನು ಮಾತ್ರ ಚಕ್ಕನೆ ಎತ್ತಿ ತಲೆಯ ಮೇಲಿಟ್ಟುಕೊಂಡು ಕುಣಿದಳು. “ಪಾಪ, ಹಾಳಾಗೋಯ್ತು ಮಗು” ಎಂದಳು ಹಿಂದಿನಿಂದ ಯಾರೋ ಒಬ್ಬಳು. ವಿಶಾಲಾಕ್ಷಿ ಗೋಡೆಯ ಹತ್ತಿರ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಆಮೇಲೆ ಸುಗುಣ ಬಂದಳು, ಹೋದ ವರ್ಷ ಪುಸ್ತಕದ ಮೇಲೆ ಕೂತು ಕಿಲಕಿಲ ನಕ್ಕವಳು. ಈಗ ಏಳು ವರ್ಷ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎದುರಿಗಿದ್ದ ಎಂಟರದ್ದನ್ನೂ ಹತ್ತರದ್ದನ್ನೂ ದಾಟಿ, ನೇರ ಮೇಜಿನ ತುದಿಗೆ ನಡೆದಳು. ಕಪ್ಪು ಪುಸ್ತಕವನ್ನು ಒಂದೇ ಕೈಯಲ್ಲಿ ಎತ್ತಿದಳು. ಎದೆಯ ಮಟ್ಟಕ್ಕೆ ಹಿಡಿದು, ಅಪ್ಪನ ಕಡೆ ತಿರುಗದೆ, ನನ್ನ ಮುಖ ನೋಡಿದಳು.

“ಅಜ್ಜೀ,” ಎಂದಳು ಮೆತ್ತಗೆ, “ಎತ್ತಿದ್ನಲ್ಲ, ಇನ್ಮೇಲೆ ಮನೇಲಿ ಅಪ್ಪ ದೀಪ ಹಚ್ತಾರಾ?”

ಹಿಂದೆ ಚಪ್ಪಾಳೆ ಶುರುವಾಗಿತ್ತು. ನಾನು ಮುದ್ರೆಯನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ. ಚನ್ನವೀರಯ್ಯ ಹಾರ ಹಿಡಿದು ಹತ್ತಿರ ಬಂದ, ಆದರೂ ಬಿಡಲಿಲ್ಲ. ಅವಳ ಹಿಂದಿನ ಸಾಲಿನಲ್ಲಿ ಇನ್ನೂ ಹದಿನಾಲ್ಕು ಮಕ್ಕಳು ಸದ್ದಿಲ್ಲದೆ ಒಂದೊಂದು ಹೆಜ್ಜೆ ಮುಂದೆ ಬಂದವು.